ಬಾಲಿಕೆಯರೂ ದೋಷಪರಿಶೋಧನೆಯೂ

ನಮ್ಮ ವಿಜ್ಞಾನ ಸಂಘದ ಬಾಲಿಕೆಯರು ಸಾಬೂನುಪೆಟ್ಟಿಗೆಗಳಲ್ಲಿ ಹೆಡ್‌ಫೋನ್ ಆಂಪ್ಲಿಫೈಯರುಗಳನ್ನು ಕಟ್ಟುತ್ತಿರುವ ಸಂಗತಿಯು ಪೋಷಕರಲ್ಲಿ ಅನೇಕರಿಗೆ ವಿದಿತವೇ ಆಗಿದೆ. ೯ ವೋಲ್ಟಿನ ಒಂದು ಬ್ಯಾಟರಿ, ಬೆರಳಿನ ಉಗುರಿನಷ್ಟು ದೊಡ್ಡ ಒಂದು ಚಿಪ್ಪು, ಕೆಲವು ರೆಸಿಸ್ಟರು ಕೆಪಾಸಿಟರುಗಳು, ಇಷ್ಟರಿಂದಲೇ ಕ್ಷೀಣವಾದ ಧ್ವನಿಯನ್ನು ಬಲಪಡಿಸಿ ಕಿವಿಗೆ ಮುಟ್ಟಿಸುವ ಸಾಧನವಿದು. ಹಾಸನದಿಂದಲೂ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದಲೂ ಬರುವ ತಂದೆತಾಯಿಗಳು ನಮ್ಮನ್ನು ಕೇಳುವುದಿಷ್ಟೆ: ಅಂಗಡಿಯಲ್ಲಿ ದೊರೆಯುವ ವಸ್ತುವನ್ನು ಕೈಯಾರೆ ಮಾಡಿ, ಅದು ಉಲಿಯದಿದ್ದರೆ ಅದರ ಮುಂದೆ ದಿನಗಟ್ಟಲೆ ಕುಳಿತು, ಮಗಳು ಪರೀಕ್ಷೆಯ ಕಾಲವನ್ನು ಕಳೆಯಬೇಕೆ?

ಇದು ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಕಟ್ಟುವುದಕ್ಕಿಂತಲೂ ಕೆಟ್ಟದ್ದನ್ನು ಸರಿಪಡಿಸುವುದೇ ಹೆಚ್ಚಿನ ವಿದ್ಯೆಯೆಂಬುದು ನಮ್ಮ ದೃಢವಾದ ಅಭಿಪ್ರಾಯ. ನಕ್ಷೆಯನ್ನು ನೋಡಿ ಬೆಸುಗೆ ಹಾಕುವುದು ಕಾಪಿ ತಿದ್ದಿದಂತೆ. ಯಂತ್ರವು ಮೌನವಾದಾಗಲೇ ಬಾಲಿಕೆಯು ಸ್ವಂತ ಬುದ್ಧಿಯಿಂದ ಆಲೋಚಿಸತೊಡಗುತ್ತಾಳೆ.

ಆ ಆಲೋಚನೆಗೆ ಒಂದು ಕ್ರಮವುಂಟು. ಮೊದಲು ಬ್ಯಾಟರಿಯ ವೋಲ್ಟೇಜನ್ನು ಅಳೆಯಬೇಕು. ಆ ಮೇಲೆ ಎರಡು ಸಮಾನ ರೆಸಿಸ್ಟರುಗಳ ಮಧ್ಯಬಿಂದುವಿನಲ್ಲಿ ಅದು ಸರಿಯಾಗಿ ಅರ್ಧವಾಗಿದೆಯೇ ಎಂದು ನೋಡಬೇಕು. ಒಂದು ಕಡೆ ೩, ಮತ್ತೊಂದು ಕಡೆ ೬ ವೋಲ್ಟು ಬಂದರೆ, ರೆಸಿಸ್ಟರು, ಬೆಸುಗೆ, ಚಿಪ್ಪು ಇವುಗಳಲ್ಲೊಂದು ತಪ್ಪಿದೆಯೆಂದರ್ಥ. ಹೆಡ್‌ಫೋನನ್ನು ಜೋಡಿಸುವ ಮುನ್ನ ಧ್ವನಿ ಹೊರಡುವ ಕಡೆಯಲ್ಲಿ ನೇರ ವಿದ್ಯುತ್ತು ಎಷ್ಟಿದೆಯೆಂದು ಅಳೆಯತಕ್ಕದ್ದು; ಕೆಲವೇ ಮಿಲಿವೋಲ್ಟುಗಳಿದ್ದರೆ ಬಾಧಕವಿಲ್ಲ, ವೋಲ್ಟುಗಳೇ ಇದ್ದರೆ ಹೆಡ್‌ಫೋನಿನ ಸುರುಳಿ ಸುಟ್ಟೀತು. ಒಂದು ಕಿವಿಗೆ ಮಾತ್ರ ಕೇಳದಿದ್ದರೆ, ಒಳಬರುವ ಎಡಬಲ ತಂತಿಗಳನ್ನು ಅದಲುಬದಲು ಮಾಡಬೇಕು. ಮೌನವು ಇನ್ನೊಂದು ಕಿವಿಗೆ ಹೋದರೆ ದೋಷವು ತಂತಿಗಿಂತ ಹಿಂದೆ; ಇದ್ದಲ್ಲೇ ಇದ್ದರೆ ಮುಂದೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಕಂಡುದನ್ನು ಬರೆದಿಡುವುದು, ಊಹೆಯನ್ನು ನಿಜವೆಂದು ನಂಬದಿರುವುದು, ಇವೇ ಇದರ ನಿಯಮಗಳು. ಪಠ್ಯದಲ್ಲಿ ಬಾಯಿಪಾಠವಾಗಿದ್ದ ಓಮನ ನಿಯಮವು ಇಲ್ಲಿ ಕೈಗೆ ಬರುತ್ತದೆ. ಆದುದರಿಂದ ಪರೀಕ್ಷೆಗೆ ಇದು ಶತ್ರುವಲ್ಲ.

ಇದರ ಮಹತ್ವವನ್ನರಿಯಲು ನಾವು ದೂರ ಹೋಗಬೇಕಾಗಿಲ್ಲ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ೧೯೮೨ರಿಂದ ನಮ್ಮ ಹಾಸನದಲ್ಲಿಯೇ ಇದೆ. ಆ ವರ್ಷವೇ ಇನ್ಸಾಟ್-೧ಎ ಉಪಗ್ರಹವು ಕೆಲವೇ ತಿಂಗಳುಗಳಲ್ಲಿ ಕೈತಪ್ಪಿಹೋಯಿತು. ೧೯೮೩ರ ಆಗಸ್ಟಿನಲ್ಲಿ ಏರಿದ ಇನ್ಸಾಟ್-೧ಬಿಯ ಸೌರಫಲಕವೂ ಮೊದಲು ಬಿಚ್ಚಿಕೊಳ್ಳಲಿಲ್ಲ. ಅಲ್ಲಿ ತಂತಿಯನ್ನು ಮುಟ್ಟಿ ನೋಡುವಂತಿಲ್ಲ, ಬೆಸುಗೆಯನ್ನು ಅಲುಗಿಸಿ ನೋಡುವಂತಿಲ್ಲ. ಆಕಾಶದಿಂದ ಬರುವ ಕ್ಷೀಣ ಸಂಕೇತಗಳನ್ನೇ ಆಧಾರವಾಗಿಟ್ಟುಕೊಂಡು ಕಾರಣವನ್ನು ತರ್ಕಿಸಬೇಕು. ಸತತ ಪ್ರಯತ್ನದ ಫಲವಾಗಿ ಸೆಪ್ಟೆಂಬರ್ ಮಧ್ಯಭಾಗದಲ್ಲಿ ಫಲಕವು ಬಿಚ್ಚಿಕೊಂಡಿತು. ಅನಂತರ ಆ ಉಪಗ್ರಹವು ಅನೇಕ ವರ್ಷ ದೇಶದ ಸೇವೆ ಮಾಡಿತು. ಸಾಬೂನುಪೆಟ್ಟಿಗೆಗೂ ಉಪಗ್ರಹಕ್ಕೂ ಹೋಲಿಕೆಯೆಲ್ಲಿಯದು ಎನ್ನಬಹುದು. ಪ್ರಮಾಣದಲ್ಲಿ ಹೋಲಿಕೆಯಿಲ್ಲ, ತಾಳ್ಮೆಯಲ್ಲಿಯೂ ತರ್ಕದಲ್ಲಿಯೂ ಉಂಟು.

ಇನ್ನೊಂದು ಮಾತು. ಮನೆಯಲ್ಲಿ ಮಿಕ್ಸಿ ನಿಂತರೆ, ದೀಪ ಆರಿದರೆ, “ನೀನು ಸರಿ, ಅಣ್ಣನನ್ನು ಕರೆ” ಎಂಬ ಮಾತು ಇಂದಿಗೂ ನಮ್ಮ ಕಿವಿಗೆ ಬೀಳುತ್ತಲೇ ಇದೆ. ಹೀಗೆ ಪಕ್ಕಕ್ಕೆ ಸರಿಸಲ್ಪಟ್ಟವಳು ಕೆಟ್ಟುದೆಲ್ಲವೂ ತನ್ನ ಬುದ್ಧಿಗೆ ಮೀರಿದುದೆಂದು ಕ್ರಮೇಣ ನಂಬಿಬಿಡುತ್ತಾಳೆ. ನಮಗೆ ವ್ಯಸನವಾಗುವುದು ಇದರಿಂದಲೇ. ಒಂದು ಪೆಟ್ಟಿಗೆ ಹಾಳಾದುದರಿಂದಲ್ಲ. ಮನೆಯ ಕರೆಂಟಿನ ಅಪಾಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದ್ದರಿಂದಲೇ ಬ್ಯಾಟರಿಯ ಸಾಧನವನ್ನು ಆರಿಸಿಕೊಂಡಿದ್ದೇವೆ, ಬೆಸುಗೆಯ ಕೆಲಸವನ್ನು ಉಪಾಧ್ಯಾಯಿನಿಯರ ಎದುರಿನಲ್ಲಿಯೇ ಮಾಡಿಸುತ್ತೇವೆ.

ಪೋಷಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆಯಿದು: ಮಗಳು ಉಲಿಯದ ಪೆಟ್ಟಿಗೆಯನ್ನು ಮನೆಗೆ ತಂದರೆ ಹೊಸದನ್ನು ಕೊಂಡುಕೊಡಲು ಆತುರಪಡಬೇಡಿರಿ. ಸಾಧ್ಯವಿದ್ದರೆ ಒಂದು ಸಾಧಾರಣ ಮಲ್ಟಿಮೀಟರನ್ನೂ, ವಾರಕ್ಕೆ ಒಂದು ಗಂಟೆಯ ಬಿಡುವನ್ನೂ ಕೊಡಿರಿ. ಪೂರ್ವವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ಕಲಿತವರಿದ್ದೀರಿ. ರಜೆಯಲ್ಲಿ ಊರಿಗೆ ಬಂದಾಗ ಒಂದು ಮಧ್ಯಾಹ್ನ ಶಾಲೆಯ ಪ್ರಯೋಗಶಾಲೆಗೆ ಬನ್ನಿರಿ. ಕಿರಿಯರ ಕೈಯಿಂದ ಪೆಟ್ಟಿಗೆಯನ್ನು ಕಸಿದು ಸರಿಪಡಿಸಿಕೊಡಬೇಡಿರಿ. ಮುಂದೆ ಏನನ್ನು ಅಳೆಯುವೆಯಮ್ಮ ಎಂದು ಮಾತ್ರ ಕೇಳಿರಿ.