ಗುಳಿಗೆಗೆ ಬೆಲೆಯಿದೆ, ತಿಳಿವಳಿಕೆಗೆ?

ದವಾಖಾನೆಯೆಂದರೆ ನಮ್ಮ ಹಿರಿಯರಿಗೆ ಇಬ್ಬರ ನೆನಪು. ಒಳಗೆ ನಾಡಿ ಹಿಡಿದು ನೋಡುವ ಡಾಕ್ಟರರು. ಹೊರಗೆ ಸಣ್ಣ ಕಿಟಕಿಯ ಹಿಂದೆ ಕಂಪೌಂಡರರು. ಔಷಧವನ್ನು ಬಾಟಲಿಗೆ ತುಂಬಿ, ಕಚ್ಚು ಹಾಕಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದಕ್ಕೆ ಅಂಟಿಸಿ, ಒಂದು ಹೊತ್ತಿಗೆ ಒಂದು ಕಚ್ಚಿನಷ್ಟು ಎಂದು ತಿಳಿಸಿ ಕೊಡುತ್ತಿದ್ದರು. ಓದು ಬಾರದವರಿಗೂ ಆ ಪಟ್ಟಿ ಅರ್ಥವಾಗುತ್ತಿತ್ತು.

ಇಂದು ಬಾಟಲಿಯ ಸ್ಥಾನಕ್ಕೆ ಗುಳಿಗೆ ಬಂದಿದೆ. ಗುಳಿಗೆಯ ಮೇಲಿನ ಅಕ್ಷರ ಇಂಗ್ಲಿಷು, ಔಷಧದಂಗಡಿಯ ಮಾತು ಬಹುಮಟ್ಟಿಗೆ ಮರಾಠಿ, ಅದನ್ನು ನುಂಗುವ ಅಜ್ಜಿಯ ಮಾತು ಕನ್ನಡ. ಜತ್ತ ತಾಲೂಕಿನ ಪೂರ್ವಭಾಗದ ಉಮದಿ, ಸಂಖದಂತಹ ಊರುಗಳ ಮನೆಗಳಿಗೆ ಇದು ಹೊಸ ಸಂಗತಿಯಲ್ಲ. ಈ ಅಂತರದಲ್ಲಿ ಅಪಾಯವೂ ಅಡಗಿದೆ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಸೇವಿಸುವವರು ಏಕಾದಶಿಯ ಉಪವಾಸದಂದು ಏನೂ ತಿನ್ನದೆ ಎಂದಿನಂತೆ ಗುಳಿಗೆ ನುಂಗಿದರೆ ರಕ್ತದ ಸಕ್ಕರೆ ಅತಿಯಾಗಿ ಕುಸಿದು ಪ್ರಜ್ಞೆ ತಪ್ಪಬಹುದು. ನೆಗಡಿಯ ಗುಳಿಗೆಯಲ್ಲಿಯೂ ಮೈಕೈ ನೋವಿನ ಗುಳಿಗೆಯಲ್ಲಿಯೂ ಒಂದೇ ಪ್ಯಾರಾಸಿಟಮಾಲ್ ಇರಬಹುದು. ಹೆಸರು ಬೇರೆಯಾದುದರಿಂದ ಎರಡನ್ನೂ ನುಂಗುವವರುಂಟು. ಇದನ್ನು ಗಮನಿಸಿ ಎಚ್ಚರಿಸುವುದೇ ಫಾರ್ಮಸಿಸ್ಟರ ಕೆಲಸ.

ಹಾಗಿದ್ದರೆ ಡಾಕ್ಟರರು ತಮ್ಮ ದವಾಖಾನೆಯಲ್ಲಿ ಒಬ್ಬ ಫಾರ್ಮಸಿಸ್ಟರನ್ನು ಏಕೆ ಇಟ್ಟುಕೊಳ್ಳುವುದಿಲ್ಲ? 1948ರ ಫಾರ್ಮಸಿ ಕಾಯ್ದೆಯಂತೆ ವೈದ್ಯರ ಚೀಟಿಗೆ ಔಷಧ ವಿತರಿಸುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರದು. ಆದರೆ ವೈದ್ಯರು ತಮ್ಮ ಸ್ವಂತ ರೋಗಿಗಳಿಗೆ ಔಷಧ ಕೊಡುವುದಕ್ಕೆ ಅದೇ ಕಾಯ್ದೆ ವಿನಾಯಿತಿ ನೀಡಿದೆ. ಔಷಧದಂಗಡಿಗಳು ದೂರವಿರುವ ಹಳ್ಳಿಗಳಿಗೆ ಆ ವಿನಾಯಿತಿ ಉಪಕಾರವನ್ನೇ ಮಾಡಿದೆ. ಮೂರು ಹೊತ್ತಿನ ಗುಳಿಗೆ, ಒಂದು ಸೂಜಿ, ತಪಾಸಣೆ ಎಲ್ಲವೂ ಸೇರಿ ಒಂದೇ ಹಣ. ಅದರಲ್ಲಿ ತಿಳಿಸಿ ಹೇಳುವುದಕ್ಕೆಂದು ಪ್ರತ್ಯೇಕ ಪಾಲಿಲ್ಲ.

ಲೆಕ್ಕವನ್ನು ನಾವೇ ಹಾಕಿ ನೋಡೋಣ. ಫಾರ್ಮಸಿಸ್ಟರ ಸಂಬಳ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಲ್ಲಿ 25 ದಿನ, ದಿನಕ್ಕೆ 40 ರೋಗಿಗಳು ಬಂದರೆ ಒಬ್ಬೊಬ್ಬರ ಮೇಲೆ ಬೀಳುವ ಭಾರ 15 ರೂಪಾಯಿ. ಇಪ್ಪತ್ತೇ ಜನ ಬಂದರೆ 30 ರೂಪಾಯಿ. ಮಳೆ ಕೈಕೊಟ್ಟ ವರ್ಷ ಆ ಮೂವತ್ತು ರೂಪಾಯಿಯನ್ನು ಕೇಳಲು ಡಾಕ್ಟರರಿಗೂ ಸಂಕೋಚ, ಕೊಡಲು ರೋಗಿಗೂ ಕಷ್ಟ.

ಔಷಧ ಮಾರಾಟದ ಲಾಭದಿಂದಲೇ ಸಂಬಳ ಹುಟ್ಟಲಿ ಎನ್ನಬಹುದು. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ, ಪಟ್ಟಿಯಲ್ಲಿರುವ ಅವಶ್ಯಕ ಔಷಧಗಳ ಬೆಲೆ ನಿಗದಿಪಡಿಸುವಾಗ ಚಿಲ್ಲರೆ ವ್ಯಾಪಾರಿಗೆ ಲೆಕ್ಕ ಹಿಡಿಯುವ ಪಾಲು ಶೇ. 16. ಆ ಪಾಲಿನಿಂದ 15,000 ರೂಪಾಯಿ ಉಳಿಯಬೇಕಾದರೆ, ತೆರಿಗೆಯನ್ನು ಬಿಟ್ಟು, ಪ್ರತಿ ತಿಂಗಳೂ ಸುಮಾರು 1,08,750 ರೂಪಾಯಿಯ ಔಷಧ ಮಾರಾಟವಾಗಬೇಕು. ಇಲ್ಲಿಯೇ ತೊಡಕು. “ಅಮ್ಮಾ, ಈ ಗುಳಿಗೆ ನಿಮಗೆ ಬೇಡ” ಎಂದು ಹೇಳಬೇಕಾದವರ ಊಟ ಆ ಗುಳಿಗೆಯ ಮಾರಾಟದಿಂದಲೇ ನಡೆಯುವಂತಾದರೆ, ಆ ಮಾತು ಬಾಯಿಗೆ ಬರುವುದು ಕಠಿಣ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಸಕಾಲದಲ್ಲಿ ಎಚ್ಚರಿಸಿದ್ದರಿಂದ ಮಿರಜಿಗೋ ವಿಜಯಪುರಕ್ಕೋ ರೋಗಿಯನ್ನು ಒಯ್ಯುವ ಖರ್ಚು ತಪ್ಪಿತೆನ್ನಿ. ಉಳಿದ ಹಣ ಆ ಮನೆಯದು. ಸಂಬಳ ಕೊಟ್ಟ ಡಾಕ್ಟರರಿಗೆ ಅದರಲ್ಲಿ ಒಂದು ಕಾಸೂ ಬರುವುದಿಲ್ಲ. ಖರ್ಚು ಒಬ್ಬರದು, ಫಲ ಇನ್ನೊಬ್ಬರದು. ಇಂಥ ಕಡೆ ಸಾರ್ವಜನಿಕ ಹಣವೇ ಮುಂದೆ ಬರಬೇಕಾಗುತ್ತದೆ. ಇಂಗ್ಲೆಂಡು ಹಾಗೆಯೇ ಮಾಡಿತು. ಕುಟುಂಬ ವೈದ್ಯರ ಚಿಕಿತ್ಸಾಲಯಗಳಲ್ಲಿ ಫಾರ್ಮಸಿಸ್ಟರನ್ನು ನೇಮಿಸಲು 2019ರಿಂದ ಅವರ ಸಂಬಳದ ಶೇ. 70ರಷ್ಟನ್ನು ಸರ್ಕಾರಿ ಆರೋಗ್ಯ ಸೇವೆ ಭರಿಸಿತು. ಮರುವರ್ಷ ಅದನ್ನು ಪೂರ್ಣಕ್ಕೇರಿಸಿತು.

ನಮ್ಮಲ್ಲಿ ಖಾಸಗಿ ದವಾಖಾನೆಗೆ ಅಂಥ ನೆರವು ಸದ್ಯಕ್ಕೆ ದೂರದ ಮಾತು. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟರ ಹುದ್ದೆ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. ಅವರ ಸಂಬಳಕ್ಕೂ ಮಾರಾಟಕ್ಕೂ ಸಂಬಂಧವಿಲ್ಲ. ಆ ಹುದ್ದೆ ಖಾಲಿ ಬೀಳದಂತೆ, ಕನ್ನಡ ಗ್ರಾಮಗಳಲ್ಲಿ ಕನ್ನಡ ಬಲ್ಲವರೇ ಅದಕ್ಕೆ ಬರುವಂತೆ ಗ್ರಾಮಸಭೆಯಲ್ಲಿ ಕೇಳುವುದು ನಮ್ಮ ಹಕ್ಕು.

ಆದರೆ ಕನ್ನಡ ಬಲ್ಲ ಫಾರ್ಮಸಿಸ್ಟರು ಎಲ್ಲಿಂದ ಬರಬೇಕು? ನಮ್ಮ ಶಾಲೆಗಳಿಂದಲೇ. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದಿದವರಿಗೆ ಡಿ.ಫಾರ್ಮ್ ಎರಡು ವರ್ಷದ ವ್ಯಾಸಂಗ, ಬಿ.ಫಾರ್ಮ್ ನಾಲ್ಕು ವರ್ಷದ್ದು. ಅಲ್ಲಿ ಓದು ಇಂಗ್ಲಿಷಿನಲ್ಲಿ ನಡೆಯುತ್ತದೆ, ನಿಜ. ಆದರೆ ಮರಾಠಿಯನ್ನೂ ಬಲ್ಲ ನಮ್ಮ ಮಕ್ಕಳು ಮೂರು ಭಾಷೆಗಳ ನಡುವೆ ಸೇತುವೆಯಾಗಬಲ್ಲರು. ಕನ್ನಡ ಶಾಲೆಯಲ್ಲಿ ಓದಿದರೆ ಮುಂದೇನು ಎಂದು ಕೇಳುವ ಪಾಲಕರಿಗೆ ಇದೂ ಒಂದು ಉತ್ತರ.

ಅಲ್ಲಿಯವರೆಗೆ ಒಂದು ಕೆಲಸವನ್ನು ಮನೆಯಲ್ಲಿಯೇ ಮಾಡಬಹುದು. ಅಜ್ಜಿಯ ಗುಳಿಗೆಗಳ ಹೆಸರು, ಯಾವ ರೋಗಕ್ಕೆ, ಊಟಕ್ಕೆ ಮುಂಚೆಯೋ ನಂತರವೋ, ಉಪವಾಸದಂದು ಏನು ಮಾಡಬೇಕು ಎಂಬುದನ್ನು ಡಾಕ್ಟರರನ್ನು ಕೇಳಿ, ಮಗುವಿನ ಕೈಯಿಂದ ಕನ್ನಡದಲ್ಲಿ ಬರೆಯಿಸಿಡಿ. ಹಳೆಯ ಕಂಪೌಂಡರರ ಕಾಗದದ ಪಟ್ಟಿ ಮಾಡುತ್ತಿದ್ದುದೂ ಇದನ್ನೇ.