ಮೇಳದ ನಡುವೆ ಗಾಯಕ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸುತ್ತಿನ ಹಳ್ಳಿಗಳಲ್ಲಿ ಭಜನೆ ಬಹುಕಾಲದಿಂದ ನಡೆದುಬಂದಿದೆ. ನೆರೆಯ ಮಾನ್ವಿ ಸೀಮೆಯ ವಿಜಯದಾಸರು, ಜಗನ್ನಾಥದಾಸರು ರಚಿಸಿದ ಪದಗಳನ್ನೂ ತತ್ತ್ವಪದಗಳನ್ನೂ ಒಬ್ಬನು ಎತ್ತಿಕೊಡುತ್ತಾನೆ. ಹತ್ತಾರು ಕಂಠಗಳು ತಾಳ, ಹಾರ್ಮೋನಿಯಂಗಳೊಡನೆ ಅದನ್ನು ಮರಳಿ ಹಾಡುತ್ತವೆ. ಶಾಸ್ತ್ರೀಯ ಸಂಗೀತ ಕಲಿತವನು ಇಂಥ ಮೇಳದಲ್ಲಿ ಹಾಡಿದರೆ ಅವನ ವಿದ್ಯೆಗೆ ಕುಂದೆಂದು ಬಗೆಯುವವರುಂಟು. ಈ ಮಾತು ಒಪ್ಪತಕ್ಕದ್ದಲ್ಲ. ರಾಯಚೂರು ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರು ಹಿಂದುಸ್ತಾನಿ ಗಾಯಕರಾಗಿದ್ದೂ ವಚನಗಾಯನದಿಂದ ಮನೆಮಾತಾದರು. 2008ರಲ್ಲಿ ಭಾರತರತ್ನಕ್ಕೆ ಆಯ್ಕೆಯಾದ ಭೀಮಸೇನ ಜೋಶಿಯವರು ತಾಳಮೇಳಗಳ ನಡುವೆ ಅಭಂಗಗಳನ್ನು ಹಾಡಿದರು. ಅವರ ಖ್ಯಾಲಿಗೆ ಅದರಿಂದ ಯಾವ ಕೊರತೆಯೂ ಆಗಲಿಲ್ಲ.

ಮೇಳದೊಡನೆ ಹಾಡುವುದು ಸುಲಭವೂ ಅಲ್ಲ. ಕಛೇರಿಯಲ್ಲಿ ಗಾಯಕನು ತನಗೊಪ್ಪುವ ಶ್ರುತಿಯನ್ನು ಆರಿಸಿಕೊಳ್ಳಬಹುದು. ಇಲ್ಲಿ ಎಲ್ಲರ ಕಂಠಕ್ಕೂ ಎಟುಕುವ ಶ್ರುತಿಯನ್ನು ಹಿಡಿಯಬೇಕು. ಆಲಾಪ, ತಾನುಗಳಿಗೆ ಚರಣದಲ್ಲಿ ಎಡೆಯುಂಟು. ಪಲ್ಲವಿಯಲ್ಲಿಯೂ ಚಾತುರ್ಯವನ್ನು ಸುರಿದರೆ ಹಿಂದಿನವರು ಬಾಯಿ ಮುಚ್ಚಿ ಕೂರುವರು. ಅಲ್ಲಿಗೆ ಭಜನೆ ಮುಗಿಯಿತು!

ಆದರೆ ಗಾಯಕನಿಗೂ ಹೊಟ್ಟೆಯುಂಟು. ಮೇಳದವರಿಗೆ ಹೊಲವೋ ಅಂಗಡಿಯೋ ಇರುತ್ತದೆ. ಅವರಿಗೆ ಭಜನೆ ಸೇವೆ. ಹತ್ತು ಹನ್ನೆರಡು ವರ್ಷ ಗುರುವಿನ ಬಳಿ ಕಲಿತು ಸಂಗೀತವನ್ನೇ ನೆಚ್ಚಿದವನ ಸ್ಥಿತಿ ಬೇರೆ. ಧ್ವನಿವರ್ಧಕಕ್ಕೂ ಚಪ್ಪರಕ್ಕೂ ಬಾಡಿಗೆ ತೆರುವ ಊರು ಅವನಿಗೆ ಮಾತ್ರ ಶಾಲು, ತೆಂಗಿನಕಾಯಿ ಕೊಟ್ಟು ಕಳುಹಿಸುವುದು ನ್ಯಾಯವಲ್ಲ. ಸಂಭಾವನೆಯನ್ನು ಮೊದಲೇ ಗೊತ್ತುಮಾಡಿ ಕೊಟ್ಟರೆ ಸೇವೆಗೆ ಭಂಗವೇನೂ ಬಾರದು. ಅವನು ಮರುವರ್ಷವೂ ಬಂದಾನು. ಒಂದು ದಿನ ಮುಂಚಿತವಾಗಿಯೇ ಬಂದು ಊರ ಹುಡುಗರಿಗೆ ಎರಡು ಪದಗಳನ್ನು ಹೇಳಿಕೊಟ್ಟಾನು.