ತೆಗೆದ ಪಟ ಸಿಗಬೇಡವೆ?

ಕೂಡಿಡುವುದು ಸುಲಭ, ಕೂಡಿಟ್ಟದ್ದನ್ನು ಬೇಕಾದಾಗ ತೆಗೆದುಕೊಡುವುದು ಕಷ್ಟ. ನಮ್ಮ ಅಜ್ಜಿಯಂದಿರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಡುಗೆಮನೆಯಲ್ಲಿ ಹತ್ತು ಡಬ್ಬಿಗಳಿದ್ದರೆ ಯಾವುದರಲ್ಲಿ ಮೆಂತ್ಯ, ಯಾವುದರಲ್ಲಿ ಜೀರಿಗೆ ಎಂಬುದನ್ನು ಅವರು ಕತ್ತಲಲ್ಲಿಯೂ ಹೇಳಬಲ್ಲವರಾಗಿದ್ದರು. ಆದರೆ ಡಬ್ಬಿಗಳು ಹತ್ತು ಹೋಗಿ ಹತ್ತು ಸಾವಿರವಾದರೆ ಅಜ್ಜಿಯ ಜ್ಞಾಪಕಶಕ್ತಿಯೂ ಸೋಲಬೇಕಾದ್ದೇ. ಇಂದು ನಾವು ತೆಗೆದು ರಾಶಿ ಹಾಕುತ್ತಿರುವ ಛಾಯಾಚಿತ್ರಗಳಿಗೆ ಬಂದಿರುವ ಗತಿ ಇದೇ ಎಂದು ನನ್ನ ಅಭಿಪ್ರಾಯ.

ಹಿಂದೆ ಫಿಲಂ ಸುರುಳಿಯೊಂದರಲ್ಲಿ 36 ಪಟಗಳಿಗೆ ಮಾತ್ರ ಎಡೆಯಿತ್ತು. ಒಂದೊಂದಕ್ಕೂ ಕಾಸು ಬೀಳುತ್ತಿದ್ದುದರಿಂದ ಎಣಿಸಿ ಎಣಿಸಿ ತೆಗೆಯುತ್ತಿದ್ದರು. ಅಚ್ಚಾಗಿ ಬಂದ ಪಟದ ಬೆನ್ನ ಮೇಲೆ ಮನೆಯ ಹಿರಿಯರು ಯಾರಾದರೊಬ್ಬರು ಸೀಸದ ಕಡ್ಡಿಯಿಂದ, 'ತಂಗಿಯ ಮದುವೆ, ತಿಪಟೂರು, 1964' ಎಂದು ಒಂದು ಸಾಲು ಗೀಚಿಡುತ್ತಿದ್ದರು. ಆ ಒಂದು ಸಾಲಿನ ಬೆಲೆ ಏನೆಂಬುದು ನನಗೆ ಮೊನ್ನೆ ಮೊನ್ನೆಯವರೆಗೂ ತಿಳಿದಿರಲಿಲ್ಲ. ತಿಳಿಸಿಕೊಟ್ಟವರು ಒಬ್ಬ ಹಳ್ಳಿಯ ಯಜಮಾನರು.

ನಮ್ಮ ಕಾಲೇಜಿನ ಇತಿಹಾಸ ಸಂಘದವರು ವರ್ಷವರ್ಷವೂ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ ವೀರಗಲ್ಲು, ಮಾಸ್ತಿಕಲ್ಲು, ಹಾಳುಬಿದ್ದ ಗುಡಿ, ಶಾಸನ ಇವುಗಳ ಪಟ ತೆಗೆದುಕೊಂಡು ಬರುವುದು ವಾಡಿಕೆ. 2018ರಿಂದ ಈಚೆಗೆ ಹೀಗೆ ಕೂಡಿದ ಪಟಗಳು ಸುಮಾರು 11,000. 2022ರ ಡಿಸೆಂಬರಿನಲ್ಲಿ, ನಾನಿನ್ನೂ ಮೊದಲನೆಯ ವರ್ಷದ ವಿದ್ಯಾರ್ಥಿಯಾಗಿದ್ದಾಗ, ಅಂಥ ಒಂದು ಸಂಚಾರದಲ್ಲಿ ಕ್ಯಾಮೆರಾ ನನ್ನ ಕೊರಳಲ್ಲಿತ್ತು. ಎರಡು ದಿನಗಳಲ್ಲಿ ಐದು ಹಳ್ಳಿ ಸುತ್ತಿದೆವು. ಒಂದೂರಿನ ಕೆರೆಯ ಏರಿಯ ಮೇಲೆ ಮೂರು ಹಂತದ ವೀರಗಲ್ಲೊಂದಿತ್ತು: ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ನಾಲ್ಕಾರು ಪಟ ತೆಗೆದೆ. ಕಾಲೇಜಿಗೆ ಬಂದು, ಕ್ಯಾಮೆರಾದಲ್ಲಿದ್ದುದನ್ನೆಲ್ಲ ಇಲಾಖೆಯ ಗಣಕಯಂತ್ರದಲ್ಲಿ 'ಹೊಸದು 2' ಎಂಬ ಫೋಲ್ಡರಿಗೆ ಸುರಿದು, ಕೈ ತೊಳೆದುಕೊಂಡೆ. 'ಹೊಸದು' ಎಂಬ ಫೋಲ್ಡರು ಅದಾಗಲೇ ಅಲ್ಲಿ ಇತ್ತು!

2024ರ ಆಗಸ್ಟಿನಲ್ಲಿ ಒಬ್ಬ ಯಜಮಾನರು ನಮ್ಮ ಇಲಾಖೆಯ ಬಾಗಿಲಿಗೆ ಬಂದರು. ಕೆರೆಯ ಏರಿ ಸರಿಪಡಿಸುವಾಗ ಮಣ್ಣು ತೆಗೆಯುವ ಯಂತ್ರದ ಬಾಯಿಗೆ ಸಿಕ್ಕಿ ಕಲ್ಲು ಮೂರು ಚೂರಾಗಿ, ಆ ಚೂರುಗಳೂ ಮಣ್ಣಿನೊಡನೆ ಎಲ್ಲಿಗೋ ಹೋಗಿದ್ದುವು. ಆ ಕಲ್ಲಿಗೆ ದೀಪ ಇಡುವುದು ಅವರ ಮನೆತನದ ನಡಾವಳಿ.

"ಅವತ್ತು ನಿಮ್ಮ ಹುಡುಗರು ಪಟ ಹಿಡ್ಕೊಂಡು ಹೋದ್ರಲ್ಲ ಮೇಷ್ಟ್ರೇ, ಅದ್ರಲ್ಲಿ ಒಂದು ಕೊಡಿ. ಗೌರಿ ಹಬ್ಬಕ್ಕೆ ದೀಪ ಇಡಬೇಕು, ಇಡಕ್ಕೆ ಕಲ್ಲೇ ಇಲ್ಲ" ಎಂದರು.

"ಇದೆ ಯಜಮಾನ್ರೇ, ಹುಡುಕಿ ಕೊಡ್ತೀವಿ" ಎಂದರು ನಮ್ಮ ಅಧ್ಯಾಪಕರು, ನನ್ನ ಮುಖ ನೋಡುತ್ತ.

ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಪಟಗಳಿಗೆ ಕ್ಯಾಮೆರಾ ಇಟ್ಟ ಹೆಸರು 'ಡಿಎಸ್‌ಸಿ 0412' ಎಂಬಂಥವು. ಈ ಸಂಖ್ಯೆ 9999 ಮುಟ್ಟಿದೊಡನೆ ಮತ್ತೆ 0001ರಿಂದ ಮೊದಲಾಗುತ್ತದೆ. ಹಾಗಾಗಿ ಒಂದೇ ಹೆಸರಿನ ಪಟಗಳು ಬೇರೆ ಬೇರೆ ಕಡೆ ಇದ್ದುವು. ತಾರೀಖಿನಿಂದ ಹುಡುಕೋಣವೆಂದರೆ, ಡಿಜಿಟಲ್ ಪಟದ ಒಡಲಲ್ಲೇ ತೆಗೆದ ದಿನ, ಹೊತ್ತು, ಕ್ಯಾಮೆರಾದ ಹೆಸರು ಮುಂತಾದ ವಿವರಗಳು 'ಎಕ್ಸಿಫ್' ಎಂಬ ಕ್ರಮದಲ್ಲಿ ಅಡಗಿರುವುದು ನಿಜ. ಆದರೆ ನಮ್ಮ ಹಳೆಯ ಕ್ಯಾಮೆರಾದ ಗಡಿಯಾರ ಬ್ಯಾಟರಿ ಸತ್ತಾಗ ಹಿಂದಕ್ಕೆ ಹೋಗಿ, ಎಲ್ಲ ಪಟಗಳೂ 2010ರ ಜನವರಿಯಲ್ಲಿ ತೆಗೆದವೆಂದು ಸುಳ್ಳುಸಾಕ್ಷಿ ಹೇಳುತ್ತಿದ್ದುವು. ಗೆಳೆಯರ ಮೊಬೈಲುಗಳಿಂದ ವಾಟ್ಸಾಪಿನ ಮೂಲಕ ಬಂದ ಪಟಗಳಲ್ಲಂತೂ ಆ ವಿವರಗಳೇ ಇರಲಿಲ್ಲ. ಕಳಿಸುವಾಗ ಪಟವನ್ನು ಕುಗ್ಗಿಸುವ ಭರದಲ್ಲಿ ಅದು ಅವನ್ನು ಕಳಚಿಹಾಕುತ್ತದೆ.

ಮೂರು ಸಂಜೆ ಕುಳಿತು ನೋಡಿದ ಮೇಲೆ ಕೆರೆ ಏರಿಯ ವೀರಗಲ್ಲುಗಳು ಎರಡು ಸಿಕ್ಕವು. ಯಾವುದು ಯಾವ ಊರಿನದು? ತೆಗೆದವನು ನಾನೇ, ಹೇಳಲಾರದವನೂ ನಾನೇ. ಕೊನೆಗೆ ಯಜಮಾನರನ್ನೇ ಕರೆಸಿ ಎರಡನ್ನೂ ತೋರಿಸಿದೆವು. ಮೊದಲನೆಯದನ್ನು ಕಂಡು "ಇದಲ್ಲ" ಎಂದರು. ಎರಡನೆಯದು ಪರದೆಯ ಮೇಲೆ ಬಂದಾಗ ಎದ್ದು ನಿಂತು, ಹೊರಗೆ ಹೋಗಿ ಚಪ್ಪಲಿ ಕಳಚಿಟ್ಟು ಬಂದು ನೋಡಿದರು.

ಪಟ ಸಿಕ್ಕಿತು, ಸಂತೋಷ. ಆದರೆ ಸಿಕ್ಕಿದ್ದು ನಮ್ಮ ಜಾಣತನದಿಂದಲ್ಲ. ಗುರುತಿಸಬಲ್ಲ ಒಬ್ಬರು ಇನ್ನೂ ನಮ್ಮ ನಡುವೆ ಇದ್ದರೆಂಬ ಕಾರಣದಿಂದ. ಅವರ ಕಾಲಾನಂತರ ಆ ಪಟ ಕೇವಲ 'ಒಂದು ಕಲ್ಲು' ಆಗಿ ಉಳಿಯುತ್ತಿತ್ತು. ಊರಿಲ್ಲದ, ಹೆಸರಿಲ್ಲದ, ಕಾಲವಿಲ್ಲದ ಪಟ ಇತಿಹಾಸದ ವಿದ್ಯಾರ್ಥಿಗೆ ಯಾವ ಸಾಕ್ಷ್ಯವನ್ನೂ ನುಡಿಯಲಾರದು. ಆದ್ದರಿಂದ, ಪಟ ತೆಗೆಯುವುದು ಅರ್ಧ ಕೆಲಸ, ಅದನ್ನು ಸಿಗುವಂತೆ ಇಡುವುದು ಉಳಿದರ್ಧ ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಸಿಗುವಂತೆ ಇಡುವುದು ಹೇಗೆ? ಫೋಲ್ಡರುಗಳನ್ನು ಒಪ್ಪವಾಗಿ ಮಾಡಿದರೆ ಸಾಲದೆ ಎಂದು ಕೇಳಬಹುದು. ಸಾಲದು. ವೀರಗಲ್ಲಿನ ಪಟವನ್ನು ಊರಿನ ಹೆಸರಿನ ಫೋಲ್ಡರಿನಲ್ಲಿಡಬೇಕೆ, 'ವೀರಗಲ್ಲು' ಎಂಬುದರಲ್ಲೆ, ಅಥವಾ 2022ರಲ್ಲೆ? ಒಂದು ಕಡೆ ಇಟ್ಟರೆ ಇನ್ನೆರಡು ಕಡೆ ಇಲ್ಲ. ನಮ್ಮ ಗ್ರಂಥಾಲಯಗಳು ಈ ತೊಡಕನ್ನು ಎಂದೋ ಬಿಡಿಸಿವೆ. ಪುಸ್ತಕ ಇರುವುದು ಒಂದೇ ಕಪಾಟಿನಲ್ಲಿ. ಆದರೆ ಅದರ ಕಾರ್ಡು ಕರ್ತೃವಿನ ಹೆಸರಿನಲ್ಲಿ ಒಂದು, ಪುಸ್ತಕದ ಹೆಸರಿನಲ್ಲಿ ಒಂದು, ವಿಷಯದಲ್ಲಿ ಒಂದು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಕೊಟ್ಟ ಎಸ್. ಆರ್. ರಂಗನಾಥನ್ ಅವರು ಓದುಗನ ಕಾಲವನ್ನು ಉಳಿಸುವುದನ್ನು ಅವುಗಳಲ್ಲಿ ಒಂದಾಗಿ ಎಣಿಸಿದರು. ಒಂದು ವಿಷಯವನ್ನು ಹಲವು ಮುಖಗಳಿಂದ ನೋಡಿ ವರ್ಗೀಕರಿಸಬೇಕು, ದೇಶ ಮತ್ತು ಕಾಲ ಅವುಗಳಲ್ಲಿ ಎರಡು ಮುಖಗಳು ಎಂದು ತೋರಿಸಿಕೊಟ್ಟವರೂ ಅವರೇ. 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನೆಗೆಂದು ಕೇಂದ್ರವೊಂದನ್ನು ಕಟ್ಟಿ, 1972ರಲ್ಲಿ ಅದೇ ಊರಿನಲ್ಲಿ ಕಣ್ಮುಚ್ಚಿದ ಆ ಮಹನೀಯರ ಪಾಠವನ್ನು ಪಟಗಳಿಗೂ ಅನ್ವಯಿಸಿಕೊಳ್ಳಲು ನಮಗೇನು ಅಡ್ಡಿ?

ಡೇಟಾಬೇಸ್ ಎಂದು ಕರೆಯುವುದು ಈ ಕಾರ್ಡುಪೆಟ್ಟಿಗೆಯ ತಮ್ಮನನ್ನೇ. 1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಎಂಬ ವಿದ್ವಾಂಸರು ಮಾಹಿತಿಯನ್ನು ಒಂದಕ್ಕೊಂದು ಸಂಬಂಧವುಳ್ಳ ಪಟ್ಟಿಗಳಾಗಿ ಇಡುವ ವಿಧಾನವನ್ನು ಮಂಡಿಸಿದರು. ನಮ್ಮ ಪಟಗಳ ಮಟ್ಟಿಗೆ ಹೇಳುವುದಾದರೆ, ಒಂದು ಪಟ್ಟಿಯಲ್ಲಿ ಪಟಗಳು, ಒಂದೊಂದಕ್ಕೂ ಒಂದು ಸಂಖ್ಯೆ. ಇನ್ನೊಂದರಲ್ಲಿ 'ವೀರಗಲ್ಲು', 'ಕೆರೆ ಏರಿ', ಊರಿನ ಹೆಸರು ಮುಂತಾದ ಗುರುತುಪದಗಳು, ಅವಕ್ಕೂ ಸಂಖ್ಯೆ. ಮೂರನೆಯದರಲ್ಲಿ ಯಾವ ಪಟಕ್ಕೆ ಯಾವ ಪದ ಎಂಬ ಜೋಡಿಗಳು, ಅಷ್ಟೆ. ಒಂದು ಪಟಕ್ಕೆ ಎಷ್ಟು ಪದಗಳನ್ನಾದರೂ ಕಟ್ಟಬಹುದು. ಪಟ ಮಾತ್ರ ಇದ್ದಲ್ಲಿಯೇ ಇರುತ್ತದೆ. ಈ ಊರಿನ ವೀರಗಲ್ಲು ಕೊಡು ಎಂದರೆ ಯಂತ್ರ ಎರಡು ಪದಗಳೂ ಕೂಡಿದ ಪಟಗಳನ್ನು ಕಣ್ಣು ಮಿಟುಕಿಸುವುದರೊಳಗೆ ತಂದಿಡುತ್ತದೆ.

ಇದಕ್ಕೆ ಹಣ ತೆರಬೇಕಾಗಿಲ್ಲ. ಡಿಜಿಕ್ಯಾಮ್ ಎಂಬ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಅದು ತನ್ನ ಕಡತವನ್ನು ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತದೆ. ತಾರೀಖು, ಗುರುತುಪದ, ಭೂಪಟದ ಮೇಲಿನ ಸ್ಥಳ ಯಾವುದರಿಂದಲಾದರೂ ಹುಡುಕಿಕೊಡುತ್ತದೆ. ಒಂದರಂತೆ ಒಂದಿರುವ ಪಟಗಳನ್ನು ಹೆಕ್ಕಿ ತೋರಿಸುತ್ತದೆ. ತಪ್ಪು ಗಡಿಯಾರದ ತಾರೀಖುಗಳನ್ನು ಒಟ್ಟಿಗೆ ತಿದ್ದುತ್ತದೆ. ನಮ್ಮ 2010ರ ಜನವರಿಯ ಸುಳ್ಳು ಹೀಗೆ ನಿವಾರಣೆಯಾಯಿತು.

ಆದರೆ 11,000 ಪಟಗಳಿಗೆ ಹೆಸರು ಬರೆಯುವವರು ಯಾರು? ಒಂದಕ್ಕೆ ಒಂದು ನಿಮಿಷವೆಂದರೂ 183 ಗಂಟೆಗಳಾದವು. ನಾನೂ ಹೆದರಿದ್ದೆ. ಕೆಲಸಕ್ಕೆ ಕೈಹಾಕಿದ ಮೇಲೆ ತಿಳಿದದ್ದೇನೆಂದರೆ, ಒಂದು ಸಂಚಾರದ ನೂರು ಪಟಗಳಿಗೆ ಊರು, ತಾಲ್ಲೂಕು, ವರ್ಷ ಇವನ್ನು ಒಂದೇ ಸಲಕ್ಕೆ ಕಟ್ಟಬಹುದು. ಬಿಡಿಬಿಡಿಯಾಗಿ ಬರೆಯಬೇಕಾದ್ದು ಸ್ವಲ್ಪವೇ. ನಾಲ್ವರು ಗೆಳೆಯರು ಶನಿವಾರ ಶನಿವಾರ ಕುಳಿತು ಅರ್ಧಕ್ಕಿಂತ ಹೆಚ್ಚು ಮುಗಿಸಿದ್ದೇವೆ.

ನಿಜವಾದ ತೊಂದರೆ ಬಂದದ್ದು ಪದಗಳಿಂದ. ಒಬ್ಬ 'ಮಾಸ್ತಿಕಲ್ಲು' ಎಂದು ಬರೆದರೆ ಇನ್ನೊಬ್ಬ 'ಮಹಾಸತಿಗಲ್ಲು' ಎಂದ, ಮತ್ತೊಬ್ಬ 'ಸತಿಕಲ್ಲು' ಎಂದ. ಯಂತ್ರಕ್ಕೆ ಇವು ಮೂರೂ ಬೇರೆ ಬೇರೆ. ಕೊನೆಗೆ ಪದಗಳ ಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸಿ, ಅದರಲ್ಲಿದ್ದುದನ್ನೇ ಬಳಸತಕ್ಕದ್ದೆಂದು ಕಟ್ಟುಮಾಡಿದೆವು. ಇನ್ನೊಂದು ಮಾತು: ಹಿಂದಿನ ವಿದ್ಯಾರ್ಥಿಗಳು ಟಿಪ್ಪಣಿಗಳನ್ನು ಹಳೆಯ ಬಗೆಯ ಕನ್ನಡ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಟ್ಟಿದ್ದರು, ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಪಾಲಿಗೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳು. ಯೂನಿಕೋಡ್‌ನಲ್ಲಿ ಬರೆದ ಕನ್ನಡವನ್ನು ಮಾತ್ರ ಇಂದಿನ ಯಂತ್ರಗಳು ಕನ್ನಡವೆಂದೇ ಹುಡುಕಬಲ್ಲವು. ಆದ್ದರಿಂದ ಅವನ್ನು ಮತ್ತೆ ಬರೆಯಬೇಕಾಯಿತು.

"ಇಷ್ಟು ಪಾಡೇಕೆ? ಈಗಿನ ಯಂತ್ರಗಳು ಪಟವನ್ನು ನೋಡಿ ತಾವೇ ಗುರುತು ಹಿಡಿಯುತ್ತವಲ್ಲ" ಎಂದು ಮಿತ್ರನೊಬ್ಬ ಹಾಸ್ಯ ಮಾಡಿದ. ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಾಯಿ, ಮರ, ಕಡಲು ಎಂದು ಅವು ಹೇಳಬಲ್ಲವು. ಮುಖಗಳನ್ನು ಗುಂಪು ಮಾಡಬಲ್ಲವು. ಕೆತ್ತಿದ ಕಲ್ಲನ್ನು ಕಲ್ಲೆಂದೂ ತಿಳಿಯಬಲ್ಲವು. ಆದರೆ ಈ ಕಲ್ಲು ಯಾರ ಮನೆಯವರು ದೀಪ ಇಡುವ ಕಲ್ಲು, ಊರಿನವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದು ಪಟದಲ್ಲಿ ಇಲ್ಲವೇ ಇಲ್ಲ. ಪಟದಲ್ಲಿ ಇಲ್ಲದ್ದನ್ನು ಯಂತ್ರ ಎಲ್ಲಿಂದ ಓದೀತು? ಅದು ಯಜಮಾನರ ನಾಲಗೆಯ ಮೇಲಿದೆ. ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕು.

ದೊಡ್ಡ ಕಂಪೆನಿಗಳ ಉಗ್ರಾಣಕ್ಕೆ ಎಲ್ಲವನ್ನೂ ಒಪ್ಪಿಸಿ ನಿಶ್ಚಿಂತರಾಗಿರಬಹುದೆಂಬ ವಾದವೂ ಇದೆ. ಪಿಕಾಸಾ ಎಂಬ ತಂತ್ರಾಂಶವನ್ನು ಅನೇಕರು ಮೆಚ್ಚಿ ಬಳಸುತ್ತಿದ್ದರು. ಗೂಗಲ್ ಅದನ್ನು 2016ರಲ್ಲಿ ನಿಲ್ಲಿಸಿತು. ಅದೇ ಕಂಪೆನಿಯ ಫೋಟೋಸ್ ಎಂಬ ಸೇವೆ 2015ರಲ್ಲಿ ಮಿತಿಯಿಲ್ಲದ ಉಚಿತ ಜಾಗ ಕೊಡುವುದಾಗಿ ಮೊದಲಾಯಿತು. 2021ರ ಜೂನ್ 1ರಿಂದ ಆ ಸೌಲಭ್ಯ ಹೋಯಿತು. ನಾನು ಯಾರನ್ನೂ ದೂರುತ್ತಿಲ್ಲ. ಅಂಗಡಿ ಅವರದು, ಬಾಗಿಲು ಹಾಕುವ ಹಕ್ಕೂ ಅವರದು. ಆದರೆ ಊರಿನ ನೆನಪನ್ನು ಬೇರೊಬ್ಬರ ಅಂಗಡಿಯಲ್ಲಿ ಮಾತ್ರ ಇಡುವುದು ವಿವೇಕವಲ್ಲ. ಅಷ್ಟೇಕೆ, ನಮ್ಮ ಡೇಟಾಬೇಸೂ ಶಾಶ್ವತವಲ್ಲ. ಆದಕಾರಣ ಗುರುತುಪದಗಳನ್ನು ಪಟದ ಕಡತದೊಳಕ್ಕೇ ಬರೆಯುವಂತೆ ಡಿಜಿಕ್ಯಾಮ್‌ಗೆ ಅಪ್ಪಣೆ ಕೊಟ್ಟಿದ್ದೇವೆ. ನಾಳೆ ಡೇಟಾಬೇಸ್ ಹಾಳಾದರೂ ಪಟದ ಬೆನ್ನ ಮೇಲಿನ ಬರಹ ಪಟದೊಡನೆಯೇ ಇರುತ್ತದೆ. ಪಟಗಳ ಮೂರು ಪ್ರತಿ ಮಾಡಿ, ಒಂದನ್ನು ಕಾಲೇಜಿನಿಂದ ಹೊರಗೆ ಇಟ್ಟಿದ್ದೇವೆ. ಕಲ್ಲುಗಳಿರುವ ಜಾಗದ ಖಚಿತ ಅಳತೆಯನ್ನು ಮಾತ್ರ ಹೊರಗೆ ಹಂಚುವುದಿಲ್ಲ. ನಿಧಿಗಳ್ಳರ ಕಾಟ ಯಾರಿಗೆ ತಿಳಿಯದು?

ಬಿ. ಎಲ್. ರೈಸ್ ಅವರು 1886ರಿಂದ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳನ್ನು ಹೊರತಂದಾಗ ಸಾವಿರಾರು ಶಾಸನಗಳನ್ನು ಜಿಲ್ಲೆ, ತಾಲ್ಲೂಕುಗಳ ಪ್ರಕಾರ ವಿಂಗಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಗಣಕಯಂತ್ರವನ್ನು ಅವರು ಕನಸಿನಲ್ಲಿಯೂ ಕಂಡವರಲ್ಲ. ಆದರೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ ಇಷ್ಟು ಹೇಳಿದರೆ ಇಂದಿಗೂ ವಿದ್ವಾಂಸರು ಆ ಶಾಸನದ ಬಳಿಗೆ ನೇರವಾಗಿ ಹೋಗಬಲ್ಲರು. ನಮ್ಮ ಜೇಬಿನಲ್ಲಿಯೇ ಕ್ಯಾಮೆರಾ ಇದೆ, ಮೇಜಿನ ಮೇಲೆ ಯಂತ್ರವಿದೆ. ಇಲ್ಲದಿರುವುದು ಒಂದು ಸಾಲು ಬರೆಯುವ ತಾಳ್ಮೆಯೊಂದೇ.

ವಿದ್ಯಾರ್ಥಿಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ. ಪಟ ತೆಗೆದ ದಿನವೇ, ಮಲಗುವ ಮುಂಚೆ, ಯಾರು, ಏನು, ಎಲ್ಲಿ, ಯಾವಾಗ ಎಂಬ ನಾಲ್ಕು ಮಾತನ್ನು ಅದಕ್ಕೆ ಕಟ್ಟಿರಿ. ಮನೆಯ ಹಳೆಯ ಪಟಗಳಿದ್ದರೆ ಅಜ್ಜ ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆಯಿರಿ. ಈ ವರ್ಷ ಕಾಲೇಜು ಬಿಡುವ ನಾವು ನಾಲ್ವರು ಶನಿವಾರದ ಕುರ್ಚಿಗಳನ್ನು ತೆರವು ಮಾಡುತ್ತಿದ್ದೇವೆ. ಇನ್ನೂ ಐದು ಸಾವಿರದಷ್ಟು ಪಟಗಳು ಹೆಸರಿಗಾಗಿ ಕಾದಿವೆ. ಬಂದು ಕುಳಿತುಕೊಳ್ಳುವವರಿಗೆ ಪದಗಳ ಪಟ್ಟಿ ಗೋಡೆಯ ಮೇಲೆಯೇ ಇದೆ.

ಯಜಮಾನರ ಮನೆಯಲ್ಲಿ ಈಗ ಆ ಪಟಕ್ಕೆ ಕಟ್ಟು ಹಾಕಿಸಿದ್ದಾರೆ. ಗೌರಿ ಹಬ್ಬದ ದಿನ ಅದರ ಮುಂದೆ ದೀಪ ಇಟ್ಟರಂತೆ.